ಲಿಂಕ್ ಆಗಿದೆ ಸರಿ, ತಾಳೆ ಆಗಿದೆಯೇ?

ಮಾವಿನ ಕೊಯ್ಲು ಮುಗಿದ ಹೊತ್ತಿನಲ್ಲಿ ಶ್ರೀನಿವಾಸಪುರ ತಾಲ್ಲೂಕಿನ ಒಂದು ಹಳ್ಳಿಗೆ ಸರ್ವೆಯರ್ ಆದ ನಾನು ಹದ್ದುಬಸ್ತಿನ, ಅಂದರೆ ಜಮೀನಿನ ಗಡಿ ಗುರುತಿಸುವ, ಕೆಲಸಕ್ಕೆ ಹೋಗಿದ್ದೆ. ಮಧ್ಯಾಹ್ನ ಹುಣಸೆಮರದ ನೆರಳಲ್ಲಿ ಯಂತ್ರವನ್ನು ಪೆಟ್ಟಿಗೆಗೆ ಹಾಕುತ್ತಿರುವಾಗ ಪಕ್ಕದ ಜಮೀನಿನ ಅಜ್ಜಿಯೊಬ್ಬರು ಬಂದು ನಿಂತರು. ಕೈಯಲ್ಲಿ ಪ್ಲಾಸ್ಟಿಕ್ ಕವರು, ಅದರೊಳಗೆ ನಾಲ್ಕಾಗಿ ಮಡಿಸಿದ ಪಹಣಿ, ಆಧಾರ್ ಕಾರ್ಡಿನ ಜೆರಾಕ್ಸು.

“ಆಫೀಸ್ ತಾವ ಹೋಗಿ ಲಿಂಕ್ ಮಾಡ್ಸ್ಕೊಂಡ್ ಬಂದೆ ಸ್ವಾಮಿ. ಇನ್ನ ನಮ್ಮ ಮೈದ್ನನ ಮಕ್ಳು ಬದ ಕಡ್ಕೊಂಡು ಬರಂಗಿಲ್ಲ, ಅಲ್ವಾ?”

ಪಹಣಿ ಬಿಡಿಸಿ ನೋಡಿದೆ. ಸರ್ವೆ ನಂಬರಿನ ವಿಸ್ತೀರ್ಣ 3 ಎಕರೆ. ಕಾಲಂನಲ್ಲಿ ಮೂವರ ಹೆಸರು, ಒಬ್ಬೊಬ್ಬರಿಗೆ ಒಂದೊಂದು ಎಕರೆ. ಫೋಡಿ ಆಗಿಲ್ಲ. ಅಂದರೆ ಯಾರ ಎಕರೆ ಯಾವ ಕಡೆಗೆ, ಎಲ್ಲಿಂದ ಎಲ್ಲಿಯವರೆಗೆ ಎಂಬುದು ಸರ್ಕಾರದ ಯಾವ ನಕ್ಷೆಯಲ್ಲೂ ಇಲ್ಲ. ಆ ಅಜ್ಜಿಯ ಹೆಸರಿಗೆ ಆಧಾರ್ ಜೋಡಣೆ ಆಗಿತ್ತು, ಅದು ನಿಜ. ಆದರೆ ಬದುವಿಗೂ ಆ ಜೋಡಣೆಗೂ ಏನೇನೂ ಸಂಬಂಧವಿರಲಿಲ್ಲ. ಅದನ್ನು ಅವರಿಗೆ ಹೇಳಲು ಹೊರಟಾಗ ನನಗೇ ಮಾತು ತಡವರಿಸಿತು. “ಲಿಂಕ್ ಅಂದರೆ ಅದಲ್ಲಮ್ಮ” ಅಂದೆ. “ಮತ್ತೇನು?” ಅಂದರು. ಆ ಪ್ರಶ್ನೆಗೆ ಸರಿಯಾಗಿ ಉತ್ತರ ಕೊಡುವುದಕ್ಕೆಂದೇ ಈ ಸಲದ ಅಂಕಣ ಬರೆಯುತ್ತಿದ್ದೇನೆ.

ಈ ಪುಟ್ಟ ಪದ ಈಗ ನಮ್ಮ ಮಾತಿನಲ್ಲಿ ಎಷ್ಟು ಹೊರೆ ಹೊತ್ತಿದೆ ನೋಡಿ. ಕೋಲಾರದ ಬಸ್ ಸ್ಟ್ಯಾಂಡಿನಲ್ಲಿ ಇಳಿದವರು ಮುಳಬಾಗಿಲಿಗೆ ಲಿಂಕ್ ಬಸ್ ಇದೆಯಾ ಅನ್ನುತ್ತಾರೆ. ಮಗಳು ವಾಟ್ಸಾಪಿಗೆ ಲಿಂಕ್ ಹಾಕುತ್ತಾಳೆ. ಕಥೆ ಹೇಳುತ್ತಿದ್ದವರಿಗೆ ನಡುವೆ ಫೋನ್ ಬಂದರೆ ಲಿಂಕ್ ತಪ್ಪಿಹೋಗುತ್ತದೆ. ಕಚೇರಿಯಲ್ಲಿ ಬೇಗ ಕೆಲಸ ಮಾಡಿಸಿಕೊಂಡವನಿಗೆ ಮೇಲೆ ಲಿಂಕ್ ಇದೆ ಅನ್ನುತ್ತಾರೆ. ಹುಡುಗ ಹುಡುಗಿ ನಾಲ್ಕು ದಿನ ಒಟ್ಟಿಗೆ ಕಂಡರೆ ಅವರಿಬ್ಬರಿಗೂ ಲಿಂಕು. ಸಾಲ ಕೇಳಲು ಬ್ಯಾಂಕಿಗೆ ಹೋದರೆ ಲಿಂಕ್ ಡಾಕ್ಯುಮೆಂಟ್ ಎಲ್ಲಿ ಎಂದು ಕೇಳುತ್ತಾರೆ. ಕನ್ನಡದಲ್ಲಿ ಇವೆಲ್ಲಕ್ಕೂ ಬೇರೆ ಬೇರೆ ಮಾತುಗಳಿದ್ದವು. ಮಾತಿನದು ಎಳೆ, ಕಚೇರಿಯದು ವಶೀಲಿ, ಮನಸ್ಸಿನದು ನಂಟು, ಮೈಯದು ಕೀಲು, ಒಡವೆಯದು ಕೊಂಡಿ, ಕಾಗದದ್ದು ತಾಯಿಪತ್ರ. ಬೇರೆ ಭಾಷೆಯ ಪದ ಬಂದದ್ದಕ್ಕೆ ನನ್ನ ತಕರಾರಿಲ್ಲ. ಸರ್ವೆ, ಪಹಣಿ, ತಾಲ್ಲೂಕು ಎಲ್ಲವೂ ಹೊರಗಿನಿಂದ ಬಂದು ನಮ್ಮವಾದ ಮಾತುಗಳೇ. ಒಂದೇ ಪದ ಆರು ಕೆಲಸ ಮಾಡುವಾಗ, ಯಾವ ಕೆಲಸ ಆಗಿದೆ, ಯಾವುದು ಆಗಿಲ್ಲ ಎಂಬುದು ಮರೆಯಾಗುತ್ತದೆ. ನನ್ನ ಚಿಂತೆ ಅಷ್ಟೇ.

ಪದದ ಹುಟ್ಟು ನೋಡೋಣ. ಲಿಂಕ್ ಇಂಗ್ಲಿಷಿನಲ್ಲಿ ಹುಟ್ಟಿದ್ದಲ್ಲ, ಉತ್ತರದ ಸಮುದ್ರ ದಾಟಿ ಬಂದು ಇಂಗ್ಲೆಂಡಿನಲ್ಲಿ ನೆಲೆಸಿದ ನಾರ್ಸ್ ಜನರ ಮಾತಿನಿಂದ ಬಂದದ್ದು. ಅವರ ಹಳೆಯ ರೂಪ ಹ್ಲೆಂಕರ್ ಎಂದಿರಬೇಕೆಂದು ಭಾಷಾಶಾಸ್ತ್ರಜ್ಞರು ಕಟ್ಟಿಕೊಳ್ಳುತ್ತಾರೆ. ಐಸ್‌ಲ್ಯಾಂಡಿನವರು ಇವತ್ತಿಗೂ ಸರಪಳಿಯ ಬಳೆಗೆ ಹ್ಲೆಕ್ಕುರ್ ಅನ್ನುತ್ತಾರೆ. ಹದಿನೈದನೇ ಶತಮಾನದ ಹೊತ್ತಿಗೆ ಇಂಗ್ಲಿಷ್ ಬರಹಗಳಲ್ಲಿ ಲಿಂಕ್ ಎಂದರೆ ಸರಪಳಿಯ ಒಂದು ಬಳೆ ಎಂಬ ಅರ್ಥ ನೆಲೆಯೂರಿತ್ತು. ಇನ್ನೂ ಹಿಂದಕ್ಕೆ ಹೋದರೆ ಸಿಗುವ ಮೂಲ ಧಾತುವಿಗೆ ಇರುವ ಅರ್ಥ ಬಾಗುವುದು, ತಿರುಗುವುದು. ಜೋಡಿಸುವುದು, ಕಟ್ಟುವುದು ಎಂಬ ಅರ್ಥ ಆಮೇಲಿನದು. ಕಂಬಿಯನ್ನು ಬಗ್ಗಿಸಿದರೆ ಬಳೆ, ಬಳೆಗೆ ಬಳೆ ಸೇರಿದರೆ ಸರಪಳಿ. ಇದೇ ಮನೆತನದಲ್ಲಿ ಜರ್ಮನ್ನರ ಗೆಲೆಂಕ್ ಇದೆ. ಅದಕ್ಕೆ ಮೈಯ ಕೀಲು ಎಂದರ್ಥ, ಮೊಣಕಾಲು ಮೊಣಕೈಗಳು ಬಾಗುವ ಜಾಗ. ಪಕ್ಕೆಗೆ ಇಂಗ್ಲಿಷಿನಲ್ಲಿ ಹೇಳುವ ಫ್ಲಾಂಕ್ ಕೂಡ ಇದೇ ಬಳಗದ್ದು, ಮೈ ಬಾಗುವುದು ಅಲ್ಲಿಯೇ ತಾನೆ?

ಇಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ನಮ್ಮ ‘ಕೊಂಡಿ’. ಈಗ ಕಂಪ್ಯೂಟರಿನ ಲಿಂಕಿಗೂ ಕೊಂಡಿ ಎಂದೇ ಬರೆಯುತ್ತೇವೆ. ಚೇಳಿನ ಕೊಂಡಿ, ಓಲೆಯ ಕೊಂಡಿ, ಕಿಟಕಿಯ ಕೊಂಡಿ ಮೂರನ್ನೂ ಕಣ್ಣಮುಂದೆ ತಂದುಕೊಳ್ಳಿ. ಮೂರೂ ಬಾಗಿದವು. ಎಲ್ಲೋ ಐಸ್‌ಲ್ಯಾಂಡಿನ ಕಮ್ಮಾರನೂ ನಮ್ಮ ಊರಿನ ಆಚಾರಿಯೂ ಒಂದನ್ನೊಂದು ಹಿಡಿಯಬೇಕಾದ ವಸ್ತುವಿನಲ್ಲಿ ಕಂಡದ್ದು ಅದೇ ಬಾಗನ್ನು. ನೆಟ್ಟಗಿರುವ ಕಂಬಿ ಯಾವುದನ್ನೂ ಹಿಡಿಯಲಾರದು. ಹಿರಿಯರು ತೀರಿಕೊಂಡಾಗ ಪತ್ರಿಕೆಗಳು ‘ಕೊಂಡಿ ಕಳಚಿತು’ ಎಂದು ಬರೆಯುತ್ತವಲ್ಲ, ಅಲ್ಲಿಯೂ ಇರುವುದು ಹಿಂದಿನ ತಲೆಮಾರಿಗೂ ಮುಂದಿನದಕ್ಕೂ ನಡುವೆ ಬಾಗಿ ಎರಡನ್ನೂ ಹಿಡಿದಿದ್ದ ಬಳೆಯ ಚಿತ್ರ.

ಇದೇ ಉಚ್ಚಾರದ, ಬೇರೆ ದಾರಿಯಿಂದ ಬಂದ ಎರಡು ಪದಗಳನ್ನೂ ಹೇಳಿಬಿಡುತ್ತೇನೆ. ಬೀದಿದೀಪಗಳಿಲ್ಲದ ಕಾಲದ ಲಂಡನ್ನಿನಲ್ಲಿ ಪಂಜಿಗೆ ಲಿಂಕ್ ಅನ್ನುತ್ತಿದ್ದರು, ಕಾಸಿಗೆ ಪಂಜು ಹಿಡಿದು ಜನರಿಗೆ ದಾರಿ ತೋರಿಸುವ ಹುಡುಗರಿದ್ದರು. ಇನ್ನೊಂದು ಗಾಲ್ಫ್ ಆಡುವ ಲಿಂಕ್ಸ್. ಅದು ಹಳೆಯ ಇಂಗ್ಲಿಷಿನ ಹ್ಲಿಂಕ್, ಅಂದರೆ ಏರುನೆಲ, ದಿಣ್ಣೆ. ಅದೇ ಪದದ ಇನ್ನೊಂದು ರೂಪಕ್ಕೆ ಇಂಗ್ಲೆಂಡಿನ ಹಳ್ಳಿಗಳಲ್ಲಿ ಎರಡು ಹೊಲಗಳ ನಡುವೆ ಉಳದೆ ಬಿಟ್ಟ ಮಣ್ಣಿನ ಪಟ್ಟಿ ಎಂಬ ಅರ್ಥವಿತ್ತು. ಅದು ನಮ್ಮ ಬದುವೇ. ಸರ್ವೆಯರ್ ಆದವನಿಗೆ ಇದನ್ನು ಓದಿದ ದಿನ ಆದ ಸಂತೋಷ ದೊಡ್ಡದು.

ಆದರೆ ನನ್ನ ವೃತ್ತಿಗೆ ಲಿಂಕ್ ಬಂದದ್ದು ಆ ದಾರಿಯಿಂದಲ್ಲ. 1620ರಲ್ಲಿ ಎಡ್ಮಂಡ್ ಗಂಟರ್ ಎಂಬ ಇಂಗ್ಲಿಷ್ ಗಣಿತಜ್ಞರು ಜಮೀನು ಅಳೆಯಲು ಒಂದು ಸರಪಳಿ ರೂಪಿಸಿದರು. ಉದ್ದ 66 ಅಡಿ, ಅದರಲ್ಲಿ 100 ಲಿಂಕು. ಒಂದು ಲಿಂಕಿಗೆ 7.92 ಇಂಚು. ಇಂಥ ವಿಚಿತ್ರ ಸಂಖ್ಯೆ ಯಾಕೆ ಎಂದು ನಾನು ತರಬೇತಿಯಲ್ಲಿ ಕೇಳಿದ್ದೆ. ಅದರ ಜಾಣತನ ತಿಳಿಯುವುದು ಎಕರೆಗೆ ಬಂದಾಗ. ಹತ್ತು ಚದರ ಸರಪಳಿ ಸರಿಯಾಗಿ ಒಂದು ಎಕರೆ. ಉದ್ದವನ್ನೂ ಅಗಲವನ್ನೂ ಲಿಂಕುಗಳಲ್ಲಿ ಎಣಿಸಿ ಗುಣಿಸಿ, ಹಿಂದಿನಿಂದ ಐದು ಅಂಕಿ ಬಿಟ್ಟು ಚುಕ್ಕಿ ಇಟ್ಟರೆ ಎಕರೆ ಸಿಕ್ಕಿಬಿಡುತ್ತದೆ, ಭಾಗಾಕಾರವೇ ಬೇಡ. ಇಂಗ್ಲಿಷರ ಬೆಸ ಲೆಕ್ಕದ ಅಡಿ, ಗಜ, ಎಕರೆಗಳ ನಡುವೆ ಹತ್ತರ ಲೆಕ್ಕವನ್ನು ಈ ಲಿಂಕು ನುಸುಳಿಸಿತು. ಆ ಸರಪಳಿಯನ್ನು ನೀವೆಲ್ಲ ನೋಡಿದ್ದೀರಿ. ಕ್ರಿಕೆಟ್ ಪಿಚ್ಚಿನ ಉದ್ದ 22 ಗಜ. ಅದು 66 ಅಡಿ, ಒಂದು ಗಂಟರ್ ಸರಪಳಿ, ನೂರು ಲಿಂಕು.

ನಮ್ಮ ಕಡೆಯ ಕಂದಾಯ ಸರ್ವೆಯ ಸರಪಳಿ ಅದರ ಅರ್ಧ, 33 ಅಡಿ. ಅದನ್ನು ನೂರು ಮಾಡದೆ ಹದಿನಾರು ಮಾಡಿದರು. ರೂಪಾಯಿಗೆ ಹದಿನಾರಾಣೆ ಎಂದು ಎಣಿಸುವ ಜನರಿಗೆ ಹದಿನಾರೇ ಸಲೀಸು. ಹಾಗಾಗಿ ನಮ್ಮಲ್ಲಿ ಲಿಂಕಿನ ಹೆಸರೇ ಆಣೆ. ಒಂದು ಆಣೆ ಎಂದರೆ ಎರಡು ಅಡಿ ಮುಕ್ಕಾಲು ಇಂಚು. ಸರಪಳಿ ಉದ್ದ, ಸರಪಳಿ ಅಗಲದ ಚೌಕ ಒಂದು ಗುಂಟೆ, 1089 ಚದರ ಅಡಿ. ನಲವತ್ತು ಗುಂಟೆಗೆ ಒಂದು ಎಕರೆ. ಗಂಟರರ ಒಂದು ಚದರ ಸರಪಳಿಯಲ್ಲಿ ನಮ್ಮ ನಾಲ್ಕು ಗುಂಟೆ ಕೂದಲೆಳೆ ಹೆಚ್ಚುಕಡಿಮೆ ಇಲ್ಲದೆ ಕೂರುತ್ತವೆ. ಹಳೆಯ ಟಿಪ್ಪಣಿಯ, ಅಂದರೆ ಸರ್ವೆಯವರು ಅಳತೆ ಬರೆದಿಟ್ಟ ನಕ್ಷೆಯ, ನಕಲು ತೆಗೆಸಿದರೆ ಗೆರೆಗಳ ಪಕ್ಕದಲ್ಲಿ 7-9 ಎಂಬಂಥ ಅಂಕಿ ಕಾಣುತ್ತದೆ. ಏಳು ಸರಪಳಿ ಒಂಬತ್ತು ಆಣೆ, ಅಂದರೆ ಸುಮಾರು 249 ಅಡಿ 7 ಇಂಚು. ಎಷ್ಟೋ ಮಂದಿ ಅದನ್ನು ಅಡಿ, ಇಂಚು ಎಂದು ಓದಿಕೊಂಡು ಗಾಬರಿಯಾಗಿ ಬರುತ್ತಾರೆ. ಇನ್ನೊಂದು ಗೊಂದಲವೂ ಉಂಟು. ಪಹಣಿಯಲ್ಲಿ ಎಕರೆ, ಗುಂಟೆಗಳ ಮುಂದೆ ಬರುವ ಆಣೆ ವಿಸ್ತೀರ್ಣದ್ದು, ಗುಂಟೆಯ ಹದಿನಾರನೇ ಒಂದು ಪಾಲು, 68 ಚದರ ಅಡಿ. ಟಿಪ್ಪಣಿಯ ಆಣೆ ಉದ್ದದ್ದು. ಹೆಸರು ಒಂದೇ, ಅಳತೆ ಬೇರೆ.

ನಾನು ಕೆಲಸಕ್ಕೆ ಸೇರಿದಾಗ ಸರಪಳಿ, ಲಂಬಕೋನ ಹಿಡಿಯುವ ಕ್ರಾಸ್‌ಸ್ಟಾಫ್ ಎರಡೇ ನಮ್ಮ ಆಸ್ತಿ. ಬೆಳಿಗ್ಗೆ ಹೊಲದ ಮೇಲೆ ಸರಪಳಿಯನ್ನು ಬೀಸಿ ಎಸೆದಾಗ ಬರುವ ಝಲ್ಲೆಂಬ ಸದ್ದು ಈಗಿನ ಹುಡುಗರು ಕೇಳಿರಲಿಕ್ಕಿಲ್ಲ. ಮುಂದಿನವನು ಹಿಡಿಕೆ ಹಿಡಿದು ನಡೆಯುತ್ತಾನೆ, ಹಿಂದಿನವನು ಕಲ್ಲಿನ ಮೇಲೆ ಕಾಲೊತ್ತಿ ಕೂರುತ್ತಾನೆ, ಸರ್ವೆಯರ್ ನಡುವೆ ನಿಂತು ಗೆರೆ ನೆಟ್ಟಗಿದೆಯೇ ನೋಡಿ ಕೈ ಆಡಿಸುತ್ತಾನೆ. ಬಿಗಿಯಾಗಿ ಎಳೆದು, ತುದಿಗೆ ಗುರುತಿನ ಕಡ್ಡಿಯಾದ ಬಾಣ ಚುಚ್ಚಿ, ಮುಂದಕ್ಕೆ. ಅದಕ್ಕೂ ಮೊದಲು ಮಾಡಬೇಕಾದ ಒಂದು ಕೆಲಸವನ್ನು ನನಗೆ ಪಾಠ ಹೇಳಿದ ಹಿರಿಯ ಸರ್ವೆಯರು ಒಂದು ದಿನವೂ ತಪ್ಪಿಸಲಿಲ್ಲ. ಸರಪಳಿಯ ಒಂದೊಂದು ಲಿಂಕನ್ನೂ ಬೆರಳಲ್ಲಿ ಸವರಿ ನೋಡುತ್ತಿದ್ದರು, ಜಪಮಣಿ ಎಣಿಸಿದ ಹಾಗೆ. ಬಗ್ಗಿದ ಕಂಬಿ ಸಿಕ್ಕರೆ ಕಲ್ಲಿನ ಮೇಲಿಟ್ಟು ತಟ್ಟಿ ನೆಟ್ಟಗೆ ಮಾಡುತ್ತಿದ್ದರು. ಬಳೆಯೊಳಗೆ ಕೆಂಪುಮಣ್ಣು ಮೆತ್ತಿಕೊಂಡಿದ್ದರೆ ಕಡ್ಡಿಯಿಂದ ಕೆರೆದು ತೆಗೆಯುತ್ತಿದ್ದರು. ಕೊನೆಗೆ ಕಚೇರಿ ಅಂಗಳದಲ್ಲಿ 33 ಅಡಿಗೆ ಹೂತ ಎರಡು ಕಲ್ಲುಗಳ ನಡುವೆ ಅದನ್ನು ಹಿಡಿದು ನೋಡಿಯೇ ಹೊರಡುತ್ತಿದ್ದರು.

ಇದಕ್ಕೆ ಕಾರಣ ಲಿಂಕಿನ ವ್ಯಾಖ್ಯೆಯಲ್ಲೇ ಇದೆ. ಸರ್ವೆಯಲ್ಲಿ ಲಿಂಕ್ ಎಂದರೆ ಬರೀ ಕಂಬಿಯ ಉದ್ದವಲ್ಲ. ಕಂಬಿಗೂ ಕಂಬಿಗೂ ನಡುವೆ ಚಿಕ್ಕ ಬಳೆಗಳಿರುತ್ತವೆ. ಈ ಕಡೆಯ ನಡುಬಳೆಯ ಮಧ್ಯದಿಂದ ಆ ಕಡೆಯ ನಡುಬಳೆಯ ಮಧ್ಯದವರೆಗೆ ಇರುವುದೇ ಒಂದು ಲಿಂಕು. ಜೋಡಣೆಯೂ ಅಳತೆಯ ಒಳಗೇ ಸೇರಿದೆ. ಹಾಗಾಗಿ ಬಳೆ ಸವೆದರೆ, ಬಾಯಿ ಬಿಟ್ಟರೆ, ಅಳತೆಯೇ ಹಿಗ್ಗುತ್ತದೆ. ನೂರು ಲಿಂಕಿನ ಸರಪಳಿಯಲ್ಲಿ ಒಂದಕ್ಕೊಂದು ಉಜ್ಜುವ ಜಾಗಗಳೇ ಆರುನೂರರಿಂದ ಎಂಟುನೂರು ಇರುತ್ತವೆ. ಮಣ್ಣು ಮೆತ್ತಿದರೆ, ಕಂಬಿ ಬಗ್ಗಿದರೆ ಸರಪಳಿ ಕುಗ್ಗುತ್ತದೆ. ಬಿಸಿಲಿನಲ್ಲಿ ಇಪ್ಪತ್ತು ಡಿಗ್ರಿ ಶಾಖ ಏರಿದರೆ 33 ಅಡಿಯ ಉಕ್ಕು ಎರಡು ಮಿಲಿಮೀಟರಿನಷ್ಟು ಬೆಳೆಯುತ್ತದೆ. ಬಿಸಿಲಿನದು ಚಿಲ್ಲರೆ ಲೆಕ್ಕ, ಸವೆತದ್ದು ಹಾಗಲ್ಲ.

ಎಷ್ಟು ದೊಡ್ಡದೆಂದು ನನಗೆ ಕಲಿಸಿದ್ದು ಒಂದು ಮಾವಿನ ತೋಪು. ನಾಲ್ಕು ಎಕರೆ, ಹೆಚ್ಚುಕಡಿಮೆ ಆಯತಾಕಾರ. ಟಿಪ್ಪಣಿಯ ಪ್ರಕಾರ ಒಂದು ಮಗ್ಗುಲು ಹನ್ನೆರಡು ಸರಪಳಿ, ಇನ್ನೊಂದು ಹದಿಮೂರು ಸರಪಳಿ ಐದು ಆಣೆ. ತೋಪಿನವರು ದೊಡ್ಡಪ್ಪನ ಮಕ್ಕಳು, ಪಕ್ಕದ ಜಮೀನಿನವರು ಚಿಕ್ಕಪ್ಪನ ಮಕ್ಕಳು. ಯಾರೋ ಟೇಪು ಹಿಡಿದು ನೋಡಿದ್ದಾರೆ, 396 ಅಡಿ ಇರಬೇಕಾದ ಮಗ್ಗುಲು 398 ಅಡಿ ಬಂದಿದೆ. ಎರಡು ಅಡಿ ಒತ್ತುವರಿ ಎಂದು ಜಗಳ ಶುರು. ದಾಯಾದಿಗಳ ಮಧ್ಯೆ ಮಾತು ನಿಂತು ಎರಡು ಹಬ್ಬ ಕಳೆದಿದ್ದವು. ನಾನು ಹೋದಾಗ ಒಬ್ಬರ ಮನೆಯ ಕಾಫಿ ಕುಡಿದರೆ ಇನ್ನೊಬ್ಬರ ಮುಖ ಕಪ್ಪಾಗುತ್ತಿತ್ತು. ಹಾಗಾಗಿ ಸಂಜೆಯವರೆಗೆ ನೀರಿನ ಬಾಟಲಿಯೇ ಗತಿಯಾಯಿತು.

ನಾಲ್ಕು ಮಗ್ಗುಲೂ ಅಳೆದೆ. ಹದಿಮೂರು ಸರಪಳಿ ಐದು ಆಣೆಯ ಮಗ್ಗುಲೂ ಎರಡು ಅಡಿ ಎರಡು ಇಂಚಿಗಿಂತ ತುಸು ಹೆಚ್ಚಾಗಿಯೇ ಬಂತು. ಅಂದರೆ ಯಾವ ಕಡೆ ಹಿಡಿದರೂ ಸರಪಳಿಗೆ ಎರಡೆರಡು ಇಂಚು ಜಾಸ್ತಿ. ಬದು ಒತ್ತಿದ್ದರೆ ಹೆಚ್ಚಳ ಒತ್ತಿದ ದಿಕ್ಕಿನಲ್ಲಿ ಮಾತ್ರ ಇರಬೇಕಿತ್ತು. ಒತ್ತುವರಿಯಿಂದ ಎದುರುಬದುರು ಮಗ್ಗುಲುಗಳೂ, ಕರ್ಣವೂ ಒಂದೇ ದರದಲ್ಲಿ ಹಿಗ್ಗುವುದಿಲ್ಲ. ಹಾಗೆ ಹಿಗ್ಗಿದ್ದರೆ ಹಿಗ್ಗಿದ್ದು ಜಮೀನಲ್ಲ, ಅಂದು ಅಳೆದ ಸರಪಳಿ. ಆಮೇಲೆ ದೂರು ಕೊಟ್ಟವರ ಜಮೀನನ್ನೂ ಅಳೆದೆ. ಎರಡೂ ಒಂದೇ ಕಾಲದಲ್ಲಿ ಅಳತೆಯಾದ ನಂಬರುಗಳು. ಅದೂ ಸರಪಳಿಗೆ ಎರಡು ಇಂಚು ಹೆಚ್ಚು! ಕಡಿಮೆ ಆಗಿರಬೇಕಾದವರದ್ದೂ ಹೆಚ್ಚೇ ಆಗಿತ್ತು. ಮೂಲೆಗಳಲ್ಲಿ ಗಡಿ ಗುರುತಿಗೆ ನೆಟ್ಟ ಬಾಂದು ಕಲ್ಲುಗಳು ಬೇರೂರಿದ ಹಾಗೆ ತಮ್ಮ ಜಾಗದಲ್ಲೇ ಇದ್ದವು.

ಲೆಕ್ಕ ಬಿಡಿಸಿ ಇಬ್ಬರಿಗೂ ತೋರಿಸಿದೆ. ಹದಿನಾರು ಲಿಂಕಿನ ಸರಪಳಿಯಲ್ಲಿ ಎರಡು ಇಂಚು ಎಂದರೆ ಕೀಲಿಗೆ ಮೂರು ಮಿಲಿಮೀಟರ್ ಸವೆತ. ಅಕ್ಕಿಕಾಳಿನ ಅರ್ಧದಷ್ಟು. ಉದ್ದದಲ್ಲಿ ಅದು ನೂರಕ್ಕೆ ಅರ್ಧ. ವಿಸ್ತೀರ್ಣಕ್ಕೆ ಬಂದಾಗ ಎರಡು ಪಟ್ಟು, ನೂರಕ್ಕೆ ಒಂದು. ನಾಲ್ಕು ಎಕರೆಗೆ ಒಂದೂವರೆ ಗುಂಟೆಗಿಂತ ಸ್ವಲ್ಪ ಮೇಲೆ, ಮೂವತ್ತು ನಲವತ್ತರ ಒಂದೂವರೆ ಸೈಟಿನಷ್ಟು ನೆಲ. ಅಷ್ಟು ನೆಲಕ್ಕೆ ಕೋರ್ಟಿನಲ್ಲಿ ಎಷ್ಟೋ ವರ್ಷ ಸವೆಸುವವರಿದ್ದಾರೆ. ಆ ದಾಯಾದಿಗಳಲ್ಲಿ ಹಿರಿಯರಾದವರು ನನ್ನ ನೋಟ್‌ಬುಕ್ ಇಸಿದುಕೊಂಡು, ಆ ಮೂರು ಮಿಲಿಮೀಟರನ್ನು ಸ್ಕೇಲಿನ ಮೇಲೆ ಬೆರಳಿಟ್ಟು ನೋಡಿದರು. “ಇಷ್ಟಕ್ಕಾ ನಾನು ತಮ್ಮನ ಮಗಳ ಮದ್ವೆಗೆ ಹೋಗ್ಲಿಲ್ಲ?” ಅಂದರು. ನನ್ನ ಬಳಿ ಉತ್ತರವಿರಲಿಲ್ಲ.

ಅಳೆಯುವ ಸರಪಳಿಯನ್ನೇ ಅನುಮಾನಿಸಿ ನೋಡುವ ಈ ಅಭ್ಯಾಸ ನಮ್ಮ ಸೀಮೆಗೆ ಹಳೆಯದು. 1800ರಲ್ಲಿ ಬ್ರಿಟಿಷ್ ಸರ್ವೆಯರ್ ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನ ಬಳಿ ತಮ್ಮ ಮೊದಲ ಆಧಾರರೇಖೆಯನ್ನು, ಅಂದರೆ ಮುಂದಿನ ಅಳತೆಗಳಿಗೆಲ್ಲ ತಳಹದಿಯಾಗುವ ಗೆರೆಯನ್ನು, ಅಳೆದರು. ಮುಂದೆ ಮಹಾ ತ್ರಿಕೋನಮಿತಿ ಸರ್ವೆಯಾಗಿ ಹಿಮಾಲಯದವರೆಗೆ ಹಬ್ಬಿದ ಕೆಲಸದ ಬೀಜ ಅದು. ಅವರ ಉಕ್ಕಿನ ಸರಪಳಿ ನೂರು ಅಡಿಯದ್ದು, ಎರಡೂವರೆ ಅಡಿಯ ನಲವತ್ತು ಲಿಂಕು. ಅದನ್ನು ನೆಲದ ಮೇಲೆ ಎಳೆಯಲಿಲ್ಲ. ಮರದ ದೋಣಿಗಳಂಥ ಪೆಟ್ಟಿಗೆಗಳಲ್ಲಿ ಮಲಗಿಸಿ, ಪಕ್ಕದಲ್ಲಿ ಉಷ್ಣಮಾಪಕ ಇಟ್ಟು, ಶಾಖಕ್ಕೆ ಎಷ್ಟು ಹಿಗ್ಗಿದೆ ಎಂದು ಲೆಕ್ಕ ಕಳೆಯುವ ಪದ್ಧತಿ ಅವರದು. ಅವರ ಸಹಾಯಕರಾಗಿದ್ದ ಜಾನ್ ವಾರೆನ್ ಅವರೇ 1802ರಲ್ಲಿ ಮೈಸೂರು ಸಂಸ್ಥಾನದ ಪೂರ್ವದ ಗಡಿ ಅಳೆಯುತ್ತಾ ನಮ್ಮ ಕಡೆಗೆ ಬಂದವರು. ಊರಿಗಾಂ, ಮಾರಿಕುಪ್ಪಂ ಸುತ್ತಿನ ಹಳ್ಳಿಗರು ಮಣ್ಣು ತೊಳೆದು ಚಿನ್ನದ ಕಣ ತೆಗೆಯುವುದನ್ನು ಕಂಡು ವರದಿ ಬರೆದರು. ಆ ವರದಿಯ ಜಾಡು ಹಿಡಿದೇ ಮುಂದೆ ಕೋಲಾರದ ಚಿನ್ನದ ಗಣಿಗಳ ಕಥೆ ಶುರುವಾದದ್ದು. ಗಣಿಗಳು 2001ರಲ್ಲಿ ಮುಚ್ಚಿದವು. ಗಡಿ ಅಳೆಯಲು ಬಂದ ಸರ್ವೆಯರನಿಂದ ಆರಂಭವಾದ ಕಥೆ ಎಂಬುದು ಕೋಲಾರದ ನಮ್ಮ ಹುಡುಗರಲ್ಲೇ ಅನೇಕರಿಗೆ ಗೊತ್ತಿಲ್ಲ.

ಈಗ ಸರಪಳಿ ಇಲ್ಲ, ರೋವರ್ ಇದೆ. ಕೋಲಿನ ತುದಿಗೆ ಟೋಪಿಯಂಥ ಗ್ರಾಹಕ, ಅದು ಉಪಗ್ರಹಗಳ ಮಾತು ಕೇಳುತ್ತದೆ. ಅಷ್ಟೇ ಆದರೆ ಅಳತೆ ಮೀಟರುಗಟ್ಟಲೆ ಆಚೀಚೆ ಹೋಗುತ್ತದೆ. ಸರಿಯಾದ ಸ್ಥಾನ ಮೊದಲೇ ಗೊತ್ತಿರುವ ಇನ್ನೊಂದು ಕೇಂದ್ರದಿಂದ ತಿದ್ದುಪಡಿ ಪ್ರತಿಕ್ಷಣವೂ ಬರುತ್ತಿರಬೇಕು. ಆ ಸಂಪರ್ಕಕ್ಕೂ ನಾವು ಹೇಳುವುದು ಲಿಂಕ್ ಎಂದೇ. ಲಿಂಕ್ ಇದ್ದು, ಪರದೆಯ ಮೇಲೆ ಫಿಕ್ಸ್ ಎಂದು ಬಂದರೆ ಒಂದೆರಡು ಸೆಂಟಿಮೀಟರಿನ ನಿಖರತೆ. ದಟ್ಟ ಮಾವಿನ ಮರದ ಕೆಳಗೆ ಹೋದಿರೋ, ಫಿಕ್ಸ್ ಹೋಗಿ ಫ್ಲೋಟ್ ಆಗುತ್ತದೆ. ಆಗಲೂ ಯಂತ್ರ ಅಂಕಿ ಕೊಡುತ್ತಲೇ ಇರುತ್ತದೆ, ಆ ಅಂಕಿ ಅರ್ಧ ಮೀಟರ್ ಸುಳ್ಳಾಗಿರಬಹುದು. ಹೊಸಬರು ಅದನ್ನೇ ಬರೆದುಕೊಂಡು ಬಂದುಬಿಡುತ್ತಾರೆ. ಲಿಂಕ್ ಇತ್ತಲ್ಲ ಸಾರ್ ಅನ್ನುತ್ತಾರೆ. ಇತ್ತು, ಆದರೆ ಗೊತ್ತಿರುವ ಕಲ್ಲಿನ ಮೇಲೆ ಒಮ್ಮೆ ಕೋಲಿಟ್ಟು ತಾಳೆ ನೋಡಿದಿರಾ?

ಇದೇ ನಾನು ಹೇಳಬೇಕೆಂದಿದ್ದ ಮಾತು. ಜೋಡಣೆ ಬೇರೆ, ತಾಳೆ ಬೇರೆ. ಇಂಗ್ಲಿಷಿನ ಲಿಂಕ್ ನಮ್ಮಲ್ಲಿ ಎರಡನ್ನೂ ನುಂಗಿ ಕೂತಿದೆ. ಹುಟ್ಟಿನಲ್ಲಿ ಅದು ಎರಡು ಕಡೆಯಿಂದಲೂ ಎಳೆತ ತಡೆಯುವ ಬಳೆ, ಒಂದನ್ನು ಎಳೆದರೆ ಇನ್ನೊಂದಕ್ಕೆ ಗೊತ್ತಾಗುತ್ತಿತ್ತು. ಕಂಪ್ಯೂಟರಿನ ಲಿಂಕ್ ಹಾಗಲ್ಲ. ಟೆಡ್ ನೆಲ್ಸನ್ 1965ರಲ್ಲಿ ಹೈಪರ್‌ಟೆಕ್ಸ್ಟ್ ಎಂಬ ಪದ ಕಟ್ಟಿದಾಗ ಅವರ ಮನಸ್ಸಿನಲ್ಲಿದ್ದದ್ದು ಎರಡೂ ಕಡೆಗೆ ಹಿಡಿಯುವ ಕೊಂಡಿ. ಟಿಮ್ ಬರ್ನರ್ಸ್-ಲೀ 1989ರಲ್ಲಿ ಪ್ರಸ್ತಾವ ಇಟ್ಟ ವೆಬ್ಬಿನಲ್ಲಿ ನಿಂತದ್ದು ಒಂದೇ ಕಡೆಯದು. ನಾನು ನಿಮ್ಮ ಪುಟಕ್ಕೆ ಲಿಂಕ್ ಹಾಕಿದರೆ ನಿಮಗೆ ತಿಳಿಯಬೇಕೆಂದೇನೂ ಇಲ್ಲ. ನೀವು ಪುಟ ಅಳಿಸಿದರೆ ನನಗೂ ತಿಳಿಯುವುದಿಲ್ಲ. ಆ ಸಡಿಲತೆಯಿಂದಲೇ ವೆಬ್ ಅಷ್ಟು ಬೇಗ ಬೆಳೆಯಿತು. ಆದರೆ ಅದೇ ಸಡಿಲತೆ ನಮ್ಮ ಮಾತಿನೊಳಕ್ಕೂ ಬಂದು, ಲಿಂಕ್ ಆಯಿತು ಎಂದರೆ ಕೆಲಸ ಮುಗಿಯಿತು ಎಂಬ ನಂಬಿಕೆ ಬೆಳೆದಿದೆ. ಸಹಾಯಧನ ಬಂದಿದೆ, ಈ ಲಿಂಕ್ ಒತ್ತಿ ಎಂದು ರೈತರ ಫೋನಿಗೆ ಬರುವ ಮೋಸದ ಸಂದೇಶ ನಂಬಿ ಹಣ ಕಳೆದುಕೊಳ್ಳುವವರೂ ಇದೇ ನಂಬಿಕೆಯ ಬಲಿಗಳು. ಆ ಲಿಂಕಿನ ಇನ್ನೊಂದು ತುದಿ ಯಾರ ಕೈಯಲ್ಲಿದೆ ಎಂದು ಕಾಣುವುದಿಲ್ಲ. ಕಾಣದ ತುದಿ ಇರುವ ಸರಪಳಿಯನ್ನು ಯಾವ ರೈತನೂ ತನ್ನ ಎತ್ತಿನ ಕೊರಳಿಗೆ ಹಾಕಿಸಿಕೊಳ್ಳುವುದಿಲ್ಲ.

ಪಹಣಿಗೆ ಆಧಾರ್ ಜೋಡಿಸುವ ಕೆಲಸ ನಮ್ಮ ರಾಜ್ಯದಲ್ಲಿ 2024ರಲ್ಲಿ ಭರದಿಂದ ನಡೆಯಿತು. ಅದು ಒಳ್ಳೆಯ ಕೆಲಸ ಎಂದೇ ನನ್ನ ಅಭಿಪ್ರಾಯ. ಯಾರದೋ ಜಮೀನನ್ನು ಅದೇ ಹೆಸರಿನ ಇನ್ಯಾರೋ ಬಂದು ರಿಜಿಸ್ಟರ್ ಮಾಡಿಕೊಡುವ ಮೋಸಕ್ಕೆ ಅದು ಅಡ್ಡಗಾಲು. ತೀರಿಕೊಂಡವರ ಹೆಸರಿನಲ್ಲೇ ಉಳಿದಿರುವ ಖಾತೆಗಳೂ ಅದರಿಂದ ಬೆಳಕಿಗೆ ಬರುತ್ತವೆ, ವಾರಸುದಾರರ ಹೆಸರಿಗೆ ಪೌತಿ ಖಾತೆ ಮಾಡಿಸಲು ದಾರಿಯಾಗುತ್ತದೆ. ಆದರೆ ಅದು ಜೋಡಿಸಿದ್ದು ಮನುಷ್ಯನನ್ನು ಹೆಸರಿಗೆ, ಹೆಸರನ್ನು ನೆಲಕ್ಕಲ್ಲ. ಪಹಣಿಯ ನಮೂದನ್ನೂ 1964ರ ಭೂಕಂದಾಯ ಕಾಯ್ದೆಯ 133ನೇ ಕಲಮಿನ ಪ್ರಕಾರ, ತಪ್ಪೆಂದು ರುಜುವಾತು ಆಗುವವರೆಗೆ ನಿಜವೆಂದು ಭಾವಿಸಬೇಕು, ಅಷ್ಟೇ. ಹಕ್ಕಿನ ಬೇರು ಕ್ರಯಪತ್ರ, ವಿಭಾಗಪತ್ರ, ದಾನಪತ್ರಗಳಲ್ಲಿರುತ್ತದೆ. ಬ್ಯಾಂಕಿನವರು ಕೇಳುವ ಲಿಂಕ್ ಡಾಕ್ಯುಮೆಂಟ್ ಅದೇ. ಮುತ್ತಜ್ಜನಿಂದ ನಿಮ್ಮವರೆಗೆ ಕೈಬದಲಾದ ಪತ್ರಗಳ ಸಾಲು, ನಡುವೆ ಒಂದು ಬಳೆಯೂ ತಪ್ಪಿರಬಾರದು. ಇಲ್ಲಿ ಮಾತ್ರ ಲಿಂಕ್ ಎಂಬ ಪದ ತನ್ನ ಹಳೆಯ ಅರ್ಥಕ್ಕೆ ನಿಯತ್ತಾಗಿ ಉಳಿದಿದೆ ಎಂದು ನನಗನ್ನಿಸುತ್ತದೆ. ಹಿಂದಿನ ಪತ್ರದ ಚಕ್ಕುಬಂದಿ, ಅಂದರೆ ನಾಲ್ಕು ದಿಕ್ಕಿನ ಗಡಿಯ ವಿವರ, ಮುಂದಿನ ಪತ್ರದ ಚಕ್ಕುಬಂದಿಯನ್ನು ಹಿಡಿಯಬೇಕು. ಪೂರ್ವಕ್ಕೆ ಇಂಥವರ ಜಮೀನು ಎಂದು ಇದರಲ್ಲಿದ್ದು, ಅದರಲ್ಲಿ ಪೂರ್ವಕ್ಕೆ ಕಾಲುದಾರಿ ಎಂದಿದ್ದರೆ ಅಲ್ಲೇ ನಿಂತು ಕೇಳಬೇಕು.

ಅಜ್ಜಿಗೆ ಅಂದು ನಾನು ಇಷ್ಟೆಲ್ಲ ಹೇಳಲಿಲ್ಲ. ಹುಣಸೆಮರದ ಕೆಳಗೆ ಕೂರಿಸಿ, ಅವರ ಕೈಬೆರಳುಗಳನ್ನೇ ತೋರಿಸಿ ಹೇಳಿದೆ. ಈ ಬೆರಳು ನೀವು, ಈ ಬೆರಳು ಪಹಣಿ, ಇವೆರಡೂ ಈಗ ಸೇರಿವೆ. ಈ ಮೂರನೇ ಬೆರಳು ನಕ್ಷೆ, ನಾಲ್ಕನೆಯದು ನೆಲ. ಇವೆರಡು ಇನ್ನೂ ದೂರ ಇವೆ. ಫೋಡಿಗೆ ಅರ್ಜಿ ಕೊಡಬೇಕು, ಮೂವರೂ ಬಂದು ನಿಲ್ಲಬೇಕು, ಟಿಪ್ಪಣಿ ತೆಗೆಸಿ ನೆಲದ ಜೊತೆ ತಾಳೆ ನೋಡಬೇಕು, ಆಮೇಲೆ ಮೂರು ಹಿಸ್ಸಾ ಮಾಡಿ ಕಲ್ಲು ಹಾಕಬೇಕು.

“ಅಂಗಾದ್ರೆ ಆ ಕಲ್ಲು ಎಲ್ಲೈತೆ ನೋಡನ ಬನ್ನಿ” ಎಂದು ಎದ್ದೇ ಬಿಟ್ಟರು.

ಅಂದು ನನ್ನ ಕೆಲಸದ ನಂಬರಿಗೂ ಅವರ ನಂಬರಿಗೂ ಒಂದು ಮೂಲೆ ಸಾಮಾನ್ಯ, ಆದ್ದರಿಂದ ಆ ಮೂಲೆಯನ್ನು ಹುಡುಕುವುದು ನನಗೂ ಬೇಕಿತ್ತು. ರೋವರ್ ತೋರಿಸಿದ ಜಾಗದಲ್ಲಿ ಲಂಟಾನದ ಪೊದೆ, ಅದರ ಬುಡದಲ್ಲಿ ಹುತ್ತ. ಪೊದೆ ಕಡಿಸಿ, ಹುತ್ತದ ಪಕ್ಕಕ್ಕೆ ಹಾರೆ ಹಾಕಿಸಿದೆ. ಒಂದು ಮೊಳ ಇಳಿದ ಮೇಲೆ ಹಾರೆ ಠಣ್ಣೆಂದಿತು. ಮಣ್ಣು ಬಿಡಿಸಿದಾಗ ಒರಟು ಕಲ್ಲಿನ ನೆತ್ತಿ ಕಂಡಿತು. ಅಜ್ಜಿ ಕುಡಿಯಲು ತಂದಿದ್ದ ಚೊಂಬಿನ ನೀರನ್ನು ಅದರ ಮೇಲೆ ಸುರಿದು, ಸೆರಗಿನಿಂದ ಒರೆಸಿದರು. ಕಲ್ಲಿನ ಮೇಲೆ ಉಳಿಯಿಂದ ಕಡಿದ ಗೆರೆ ಎದ್ದು ಕಂಡಿತು. ಕೋಲನ್ನು ಅದರ ಮೇಲಿಟ್ಟು ಗುಳ್ಳೆ ನಡುವೆ ಬರುವಂತೆ ಹಿಡಿದೆ. ಪರದೆಯ ಮೇಲೆ ಫಿಕ್ಸ್ ಬಂತು. ಟಿಪ್ಪಣಿಯ ಲೆಕ್ಕಕ್ಕೂ ಅದಕ್ಕೂ ನಾಲ್ಕು ಬೆರಳಿನಷ್ಟು ಅಂತರ.

“ತಾಳೆ ಆಯ್ತಾ ಸ್ವಾಮಿ?”

“ಒಂದು ಮೂಲೆ ಆಯ್ತಮ್ಮ. ಇನ್ನೂ ಮೂರಿದೆ.”

ಅವರು ಚೊಂಬು ಎತ್ತಿಕೊಂಡು ಮುಂದಿನ ಮೂಲೆಯ ಕಡೆಗೆ ಬದುವಿನ ಮೇಲೆ ನಡೆಯತೊಡಗಿದರು.